ಗೋರಿಗೂ ದಾಖಲೆ ಬೇಕೆ?

ಊರಿನ ಕಾಗದಪತ್ರಗಳಲ್ಲಿ ದಲಿತರ ತಲೆಮಾರುಗಳನ್ನು ಹುಡುಕಿದರೆ ಸಿಗೋದು ಕಡಿಮೆ. ಆ ಲೆಕ್ಕ ಇರೋದು ಮಸಣದಲ್ಲಿ. ಮಸಣ ಮುಚ್ಚಿದರೆ ಚರಿತ್ರೆಯೂ ಮುಚ್ಚಿಹೋಗುತ್ತದೆ.

ಛತ್ತೀಸಗಢದ ಬಸ್ತರ್ ಜಿಲ್ಲೆಯ ಛಿಂದ್‌ವಾಡಾ ಗ್ರಾಮದಲ್ಲಿ 2025ರ ಜನವರಿ 7ರಂದು ಮಹ್ರಾ ಜಾತಿಯ ಕ್ರೈಸ್ತ ಪಾದ್ರಿಯೊಬ್ಬರು ತೀರಿಕೊಂಡರು. ಅವರ ಮನೆತನದ ಹಿರಿಯರನ್ನು ಹೂತದ್ದು ಊರ ಮಸಣದಲ್ಲೇ ಅಂತ ಮಗ ಹೇಳಿದ. ಜಾತಿವಾರು ಜಾಗ ಹಂಚಿದ್ದು ಪಂಚಾಯ್ತಿಯ ಬಾಯಿಮಾತು. ಈ ಸಲ ಊರು ಅಡ್ಡ ನಿಂತಿತು. ಕ್ರೈಸ್ತರಿಗೆ ಇಲ್ಲಿ ಜಾಗ ಗೊತ್ತುಮಾಡಿಲ್ಲ ಎಂದಿತು ಸರ್ಕಾರ. ಹೈಕೋರ್ಟು ಕೈಚೆಲ್ಲಿತು.

ಜನವರಿ 27ರಂದು ಸುಪ್ರೀಂಕೋರ್ಟಿನಲ್ಲಿ ಎರಡು ಅಭಿಪ್ರಾಯ ಬಂತು. ಕನ್ನಡ ನಾಡಿನವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಸ್ವಂತ ಹೊಲದಲ್ಲಿ ಹೂಳಲಿ ಎಂದರು. ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮ ಗೊತ್ತುಪಡಿಸಿದ ಜಾಗದಲ್ಲಿ ಮಾತ್ರ ಎಂದರು. ಇಪ್ಪತ್ತು ದಿನ ಶವಾಗಾರದಲ್ಲಿದ್ದ ದೇಹವನ್ನು ಇನ್ನೂ ಕಾಯಿಸಬಾರದೆಂದು, ಬೇರೆ ಊರಾದ ಕರ್ಕಪಾಲ್‌ನಲ್ಲಿ ಹೂಳಲು ಆದೇಶವಾಯಿತು.

ಗಮನಿಸಿ: ಕರುಣೆಯ ತೀರ್ಪು ಕೂಡ ಆತನನ್ನು ಹಿರಿಯರ ಪಕ್ಕ ಮಲಗಿಸಲಿಲ್ಲ. ಊರನ್ನು ಕಾದದ್ದು ರೂಢಿ; ಈ ಮನೆತನದ ರೂಢಿಗೆ ಮಾತ್ರ ಕಾಗದ ಕೇಳಲಾಯಿತು. ದಲಿತ ವಿಮರ್ಶೆ ಕವಿತೆ, ಕಾದಂಬರಿಗಳಷ್ಟೇ ಎಚ್ಚರದಿಂದ ಇಂಥ ತೀರ್ಪುಗಳನ್ನೂ ಓದಬೇಕು. ಬದುಕಿದ್ದಾಗ ಕೇರಿ ಊರಾಚೆ. ಸತ್ತ ಮೇಲೆ ಗೋರಿಯೂ ಊರಾಚೆ ಅಂದರೆ ಒಪ್ಪೋದು ಹ್ಯಾಗೆ?