ದಾಸೋಜನ ಸಹಿ, ಮಂಡಿಯ ಕ್ಯಾಮೆರಾ

ಅರಸೀಕೆರೆಯಲ್ಲಿ ನಮ್ಮ ಸೋದರಮಾವನದು ಕೊಬ್ಬರಿ ಮಂಡಿ. ಗೋದಾಮಿನಲ್ಲಿ ನಾಲ್ಕು ಕ್ಯಾಮೆರಾ, ಅವು ಕಂಡದ್ದನ್ನೆಲ್ಲ ಉಳಿಸಿಕೊಳ್ಳುವ ಒಂದು ಪೆಟ್ಟಿಗೆ. ಲ್ಯಾಪ್‌ಟಾಪಿನಲ್ಲಿ ಅದರ ವಿಳಾಸ ಹೊಡೆದರೆ ಚಿತ್ರಕ್ಕಿಂತ ಮೊದಲು ಬರುವುದು ಕೆಂಪು ತ್ರಿಕೋನ: ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ, ಯಾರಾದರೂ ಮಾಹಿತಿ ಕದಿಯಬಹುದು. "ಅಲ್ಲ ಕಣೋ, ನಮ್ಮ ಗೋದಾಮು ನಾವು ನೋಡೋಕೆ ಮಧ್ಯ ಯಾವ ಕಳ್ಳ?" ಎಂದರು ಮಾವ. "ಏನೂ ಆಗಲ್ಲ, ‘ಅಡ್ವಾನ್ಸ್ಡ್’ ಒತ್ತಿ, ಆಮೇಲೆ ಮುಂದುವರಿಯಿರಿ" ಎಂದು ಹೇಳಿಕೊಟ್ಟು ನಾನು ಬೆಂಗಳೂರಿನ ರೈಲು ಹತ್ತಿದೆ.

ಆ ಉಪದೇಶದ ಫಲ ಕಂಡದ್ದು ಅವರು ಚೆನ್ನಕೇಶವನ ತೇರಿಗೆಂದು ಬೇಲೂರಿಗೆ ಹೋದಾಗ. ಉಳಿದುಕೊಂಡಿದ್ದ ಕಡೆಯ ವೈಫೈಯಲ್ಲಿ ಮಂಡಿಯ ಲೆಕ್ಕದ ಪುಟ ತೆರೆದರಂತೆ. ಇನ್ಯಾವುದೋ ವಿಷಯಕ್ಕೆ ಫೋನ್ ಮಾಡಿದವರು, "ಇಲ್ಲೂ ನಮ್ಮ ಕ್ಯಾಮೆರಾದ್ದೇ ಕೆಂಪು ಪುಟ ಬಂತು, ನೀನು ಹೇಳಿದ ಹಾಗೇ ಒತ್ತಿದೆ" ಎಂದರು. ಪಾಸ್‌ವರ್ಡ್ ಇನ್ನೂ ಹಾಕಿರಲಿಲ್ಲ. ಮುಚ್ಚಿಸಿದೆ. ತಪ್ಪು ಅವರದಲ್ಲ, ನನ್ನದು. ಮರುದಿನವೇ ಬೇಲೂರಿಗೆ ಹೋದೆ.

ದೇವಸ್ಥಾನದಲ್ಲಿ ಮದನಿಕೆಯರ ಕಡೆ ತಲೆಯೆತ್ತಿ ನಿಂತಾಗ ವಿಷಯ ಹೇಳಲು ದಾರಿ ಸಿಕ್ಕಿತು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಈ ಗುಡಿಯ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೊರೆದಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಇದು ನಾನೇ ಮಾಡಿದ್ದು ಎಂದು ಮಾಡಿದವನೇ ಹೇಳುವ ಸಹಿ. ಗೋದಾಮಿನ ಪೆಟ್ಟಿಗೆಯೂ ಅಷ್ಟೇ, ತನ್ನ ಪ್ರಮಾಣಪತ್ರಕ್ಕೆ ತಾನೇ ಸಹಿ ಹಾಕಿಕೊಂಡಿದೆ. "ತಾನೇ ಬರ್ಕೊಂಡ್ರೆ ಏನು ಬೆಲೆ?" ಎಂದರು ಮಾವ. ಬ್ರೌಸರಿನ ಪ್ರಶ್ನೆಯೂ ಅದೇ. ದಾಸೋಜನಿಗೆ ಊರಿನ ಹೆಸರು ಸಾಕ್ಷಿ, ಚಾವಣನಿಗೆ ಅಪ್ಪನ ಹೆಸರು. (ಬೇಲೂರಿಗೆ ಬಂದವರೆಲ್ಲ ಕೇಳುವುದು ಮಾತ್ರ ಜಕಣಾಚಾರಿಯನ್ನು. ಆ ಹೆಸರು ಈ ಸಹಿಗಳಲ್ಲಿಲ್ಲ. ನಂಬಿಕೆ ಬಾಯಿಂದ ಬಾಯಿಗೆ ಬಂದದ್ದು.)

ಹಿಂದಿರುಗುವಾಗ ಹಳೇಬೀಡಿನಲ್ಲಿ ಇಳಿದೆವು. ಇಲ್ಲಿನ ದೋರಸಮುದ್ರದಿಂದ ಆಳಿದ ಹೊಯ್ಸಳರ ಎಷ್ಟೋ ಶಾಸನಗಳು ‘ಮಲಪರೊಳ್ಗಂಡ’ ಎಂಬ ಬಿರುದಿನಲ್ಲಿ ಮುಗಿಯುತ್ತವೆ, ಅದೇ ರಾಜನ ಒಪ್ಪ. ಊರ ಮುಂದೆ ನಿಂತ ಕಲ್ಲಿಗೆ ಊರೇ ಸಾಕ್ಷಿ. ತಾಮ್ರಪಟ ಹಾಗಲ್ಲ, ಮನೆಯ ಪೆಟ್ಟಿಗೆಯಲ್ಲಿದ್ದು, ಜಮೀನಿನ ತಕರಾರು ಬಂದಾಗ ಹೊರಬರುವಂಥದ್ದು. ಅದಕ್ಕೆ ಮುದ್ರೆ ಬೇಕು. ಮುದ್ರೆ ಇದ್ದಲ್ಲಿ ಖೋಟಾ ಮುದ್ರೆಯೂ ಇರುತ್ತದೆ. ಹಾಸನ ಜಿಲ್ಲೆಯ ಶಾಸನ ಸಂಪುಟವನ್ನು 1902ರಲ್ಲಿ ಹೊರತಂದ ಬಿ.ಎಲ್. ರೈಸ್ ಅವರಿಗೂ ಜೆ.ಎಫ್. ಫ್ಲೀಟ್ ಅವರಿಗೂ ಗಂಗರ ತಾಮ್ರಪಟಗಳ ಬಗ್ಗೆ ದೊಡ್ಡ ಜಗಳವೇ ನಡೆಯಿತು. ಬಹಳಷ್ಟು ಕೂಟ ಶಾಸನಗಳು ಎಂದರು ಫ್ಲೀಟ್, ರೈಸ್ ಒಪ್ಪಲಿಲ್ಲ. ಇಂಥ ಪಟಗಳ ಪರೀಕ್ಷೆಯ ಬಗೆ ನನಗಿಷ್ಟ: ತಿಥಿಗೂ ವಾರಕ್ಕೂ ತಾಳೆಯಿದೆಯೇ, ಹೇಳಿಕೊಂಡ ಕಾಲಕ್ಕೆ ಅಕ್ಷರದ ರೂಪ ಹೊಂದುತ್ತದೆಯೇ, ಕೊಟ್ಟ ರಾಜ ಬೇರೆಡೆ ಗೊತ್ತಿರುವವನೇ.

ಬ್ರೌಸರ್ ಕೇಳುವುದೂ ಹೆಚ್ಚುಕಡಿಮೆ ಇವನ್ನೇ: ಅವಧಿಯೊಳಗೆ ಇದೆಯೇ, ಪತ್ರದ ಹೆಸರೂ ಹೊಡೆದ ವಿಳಾಸವೂ ಒಂದೇಯೇ, ಕೊಟ್ಟವರು ನನಗೆ ಗೊತ್ತೇ. ಎಕ್ಸ್.509 ಎಂಬ ಪತ್ರದ ನಮೂನೆ 1988ರದು. ನೆಟ್‌ಸ್ಕೇಪ್ ಅದನ್ನು 1995ರ ಹೊತ್ತಿಗೆ ಜಾಲಕ್ಕೆ ತಂದಿತು. ನಂಬಬೇಕಾದ ಸಾಕ್ಷಿದಾರರ ಪಟ್ಟಿ ಅಂದಿನಿಂದ ಬ್ರೌಸರ್ ಅಥವಾ ಕಂಪ್ಯೂಟರಿನ ಒಳಗೇ ಇರುತ್ತದೆ. ಗೋದಾಮಿನ ವಿಳಾಸ 192.168ರಿಂದ ಶುರುವಾಗುವಂಥದ್ದು. ಖಾಸಗಿ ಬಳಕೆಗೆಂದು 1996ರ ನಿಯಮ ಬಿಟ್ಟುಕೊಟ್ಟ ಈ ಸಂಖ್ಯೆಗಳು ಎಷ್ಟೋ ಮನೆ ಅಂಗಡಿಗಳಲ್ಲಿ ಇವೆ. ಹಾಗಾಗಿ ಇದು ಇಂಥವರದೇ ಎಂದು ಹೊರಗಿನವರು ಯಾರೂ ಸಾಕ್ಷಿ ಹೇಳಲಾರರು. ಅಂಥ ವಿಳಾಸಗಳಿಗೂ ಕೊಡುತ್ತಿದ್ದ ಪ್ರಮಾಣಪತ್ರಗಳನ್ನು 2015ರ ನವೆಂಬರ್‌ನಿಂದ ನಿಲ್ಲಿಸಲಾಯಿತು.

ಪಟ್ಟಿಯಲ್ಲಿರುವವರೂ ಎಡವುತ್ತಾರೆ. ಗೂಗಲ್‌ನ ಹೆಸರಿಗೆ ಗೂಗಲ್ ಕೇಳದ ಪ್ರಮಾಣಪತ್ರಗಳು 2014ರ ಜುಲೈನಲ್ಲಿ ಪತ್ತೆಯಾದವು. ಅವು ಹೊರಟದ್ದು ನಮ್ಮದೇ ರಾಷ್ಟ್ರೀಯ ಮಾಹಿತಿ ಕೇಂದ್ರದಿಂದ, ಅಂದರೆ ಎನ್‌ಐಸಿಯಿಂದ. ಅದರ ಮೇಲಿನ ನಿಯಂತ್ರಕರನ್ನು ವಿಂಡೋಸ್ ನಂಬುತ್ತಿದ್ದುದರಿಂದ ಅವುಗಳನ್ನೂ ನಂಬುತ್ತಿತ್ತು. ನಿಯಂತ್ರಕರು ಮರುದಿನವೇ ಎನ್‌ಐಸಿಯ ಅಧಿಕಾರಪತ್ರಗಳನ್ನು ರದ್ದು ಮಾಡಿದರು. ಅಲ್ಲಿ ಕೆಂಪು ತ್ರಿಕೋನವೇ ಬರುತ್ತಿರಲಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ.

ಅರಸೀಕೆರೆ ತಲುಪಿ ಪೆಟ್ಟಿಗೆ ನೋಡಿದರೆ ಅದರ ಪಾಲಿಗೆ ಇನ್ನೂ 1970! ಒಳಗಿನ ಬ್ಯಾಟರಿ ಸತ್ತು ಗಡಿಯಾರ ಮೊದಲಿಗೆ ಹೋಗಿತ್ತು. ತಾನು ಬರೆದುಕೊಂಡ ಪತ್ರಕ್ಕೂ ಆ ಕಾಲದ್ದೇ ದಿನಾಂಕ, ಸಾಲದ್ದಕ್ಕೆ ಬೇರೆ ವಿಳಾಸ. ಹೊಂದದ ತಿಥಿಯ ತಾಮ್ರಪಟವೇ ಸರಿ. ಬ್ಯಾಟರಿ ಬದಲಿಸಿ, ದಿನಾಂಕ ಸರಿಮಾಡಿ, ಈಗಿನ ವಿಳಾಸ ಸೇರಿಸಿ ಹೊಸ ಪತ್ರ ಮಾಡಿಸಿದೆ. ಆಮೇಲೆ ವೈಫೈ ಬಿಟ್ಟು ಲ್ಯಾಪ್‌ಟಾಪನ್ನು ವೈರಿನಿಂದ ನೇರ ಪೆಟ್ಟಿಗೆಗೇ ಜೋಡಿಸಿದೆ, ಮಧ್ಯೆ ಇನ್ನೊಬ್ಬರಿಗೆ ಜಾಗವಿರಬಾರದು. ಪತ್ರದ ಬೆರಳಚ್ಚು ಅಂತ ಒಂದಿರುತ್ತದೆ, 64 ಅಕ್ಷರ ಅಂಕಿಗಳದು. ಅದನ್ನು ಕ್ಯಾಲೆಂಡರಿನ ಹಿಂಬದಿಗೆ ಬರೆದುಕೊಂಡೆ.

ವೈಫೈಯಲ್ಲಿ ಮತ್ತೆ ತೆರೆದಾಗ ತ್ರಿಕೋನ ಬಂತು. ಕೊಟ್ಟವರು ಗೊತ್ತಿಲ್ಲ ಎಂಬ ದೂರೊಂದೇ ಉಳಿದಿತ್ತು. ತಾಳೆ ನೋಡಿದರೆ ಸಾಕು, ಫೈರ್‌ಫಾಕ್ಸ್ ಆ ವಿಳಾಸಕ್ಕೆ ಆ ಒಂದು ಪತ್ರವನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಪತ್ರ ಬದಲಾದರೆ ಮತ್ತೆ ಕೂಗುತ್ತದೆ. "ಬೇರೆ ಊರಲ್ಲಿ ಬಂದ್ರೆ?" ಎಂದರು ಮಾವ. "ಒತ್ತಬೇಡಿ, ಮುಚ್ಚಿ."

ಮಾವ ಕನ್ನಡಕ ಹಾಕಿಕೊಂಡು, ಪರದೆಯ ಮೇಲಿನದನ್ನು ಒಂದೊಂದೇ ಅಕ್ಷರ ಓದತೊಡಗಿದರು. ನಾನು ಕ್ಯಾಲೆಂಡರ್ ಹಿಡಿದು ಕೂತೆ. ಮೂವತ್ತರ ಹತ್ತಿರ ನಿಂತು, "ಅದು ‘ಬಿ’ಯೋ ‘ಡಿ’ಯೋ? ಮೊದಲಿಂದ ಓದ್ತೀನಿ ಇರು" ಎಂದರು.