ಪ್ರೌಢಶಾಲೆಯಲ್ಲಿ ಕಡಲ ವಿಜ್ಞಾನ: ಹರಿದು ಹಂಚಿಹೋದ ಪಾಠವನ್ನು ಹೆಣೆಯುವ ಬಗೆ

ಕರ್ನಾಟಕದ ಪ್ರೌಢಶಾಲೆಯಲ್ಲಿ ಕಡಲು ಎರಡು ಪುಸ್ತಕಗಳಿಗೆ ಹಂಚಿಹೋಗಿದೆ. ಅಲೆ, ಪ್ರವಾಹ, ಉಬ್ಬರವಿಳಿತಗಳು ಸಮಾಜ ವಿಜ್ಞಾನದ ಜಲಗೋಳದ ಪಾಠಕ್ಕೆ ಸೇರಿದರೆ, ಜೀವಿಗಳ ಉಸಿರಾಟ, ಆಹಾರ ಸರಪಳಿ, ದ್ರಾವಣಗಳ ಗುಣ ವಿಜ್ಞಾನದ ಪಾಲಿಗೆ ಬಂದಿವೆ. ನೀರಿನ ಚಲನೆಗೂ ಅದರೊಳಗಿನ ಜೀವಕ್ಕೂ ಇರುವ ಕಾರ್ಯಕಾರಣ ಸಂಬಂಧವನ್ನು ಯಾವ ಶಿಕ್ಷಕರು ಹೇಳಬೇಕೆಂಬುದು ಮಾತ್ರ ಇತ್ಯರ್ಥವಾಗಿಲ್ಲ. ಈ ಹಂತದಲ್ಲಿ ಸಾಗರ ವಿಜ್ಞಾನ ಬೇಕೇ ಎಂಬ ಚರ್ಚೆ ಸಾಮಾನ್ಯವಾಗಿ ಇನ್ನೊಂದು ವಿಷಯ ಸೇರಿಸಬೇಕೇ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಪ್ರಸ್ತುತ ಲೇಖನದ ವಾದ ಬೇರೆ. ಹೊಸ ವಿಷಯ ಬೇಕಿಲ್ಲ. ಈಗಿರುವ ಪಾಠಗಳನ್ನೇ ಕಡಲಿನ ಒಂದು ವಿದ್ಯಮಾನದ ಸುತ್ತ ಹೆಣೆದು, ಅಳತೆಯ ಮೂಲಕ ಕಲಿಸಬೇಕು.

ಇದಕ್ಕೆ ಅರಬ್ಬಿ ಸಮುದ್ರದ ಮಳೆಗಾಲವೇ ತಕ್ಕ ಉದಾಹರಣೆ. ನೈರುತ್ಯ ಮಾರುತದ ತಿಂಗಳುಗಳಲ್ಲಿ ನಮ್ಮ ದಡದಗುಂಟ ಪ್ರವಾಹ ದಕ್ಷಿಣಾಭಿಮುಖವಾಗುತ್ತದೆ. ಗಾಳಿ ಮತ್ತು ಭೂಭ್ರಮಣದ ಪರಿಣಾಮದಿಂದ ಮೇಲ್ನೀರು ದಡದಿಂದಾಚೆ ಸರಿದು, ಆಳದ ತಣ್ಣೀರು ಮೇಲೇರುತ್ತದೆ. ಆ ನೀರಿನಲ್ಲಿ ಪೋಷಕಾಂಶ ಹೆಚ್ಚು, ಆಮ್ಲಜನಕ ಕಡಿಮೆ. ಪೋಷಕಾಂಶದಿಂದ ಡಯಾಟಮ್‌ನಂಥ ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ, ಅವುಗಳನ್ನು ಮೇಯುವ ಭೂತಾಯಿ ಮೀನು ಹೆಚ್ಚುತ್ತದೆ. ಅತ್ತ ತಳದಲ್ಲಿ ಆಮ್ಲಜನಕ ಕುಸಿದು, ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿನ ಜೀವಿಗಳಿಗೆ ಉಸಿರಾಟವೇ ಕಷ್ಟವಾಗುತ್ತದೆ. ಭೌತ, ರಸಾಯನ, ಜೀವ, ಭೂಗೋಳ ಇವುಗಳಲ್ಲಿ ಯಾವುದನ್ನು ಕೈಬಿಟ್ಟರೂ ಈ ಸರಪಳಿಯ ಒಂದು ಕೊಂಡಿ ಕಳಚುತ್ತದೆ. ಕೇರಳದ ದಡದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್‌ನಷ್ಟಿದ್ದ ಭೂತಾಯಿ ಮೀನಿನ ಇಳುವರಿ 2021ರಲ್ಲಿ 4 ಸಾವಿರ ಟನ್‌ಗೂ ಕೆಳಗಿಳಿಯಿತು. ಈ ಕುಸಿತದಲ್ಲಿ ಮರಿಮೀನುಗಳ ಬೇಟೆ, ಕಡಲ ಬಿಸಿ, ಆಹಾರದ ಏರುಪೇರು ಇವುಗಳ ಪಾಲೆಷ್ಟೆಂದು ವಿಂಗಡಿಸುವುದೇ ವಿಜ್ಞಾನದ ಕೆಲಸವೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ಅಳತೆಗೆ ಹಡಗು ಬೇಕಿಲ್ಲ, ಅಳಿವೆ ಸಾಕು. ಕುಮಟಾ ಬಳಿ ಕಡಲು ಸೇರುವ ಅಘನಾಶಿನಿ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಹಾಗಾಗಿ ಋತುಮಾನದ ಏರಿಳಿತ ಅಲ್ಲಿ ನೇರವಾಗಿ ಕಾಣುತ್ತದೆ. ಒಂದೇ ಜಾಗದಲ್ಲಿ ಉಬ್ಬರದ ಹೊತ್ತಿಗೊಮ್ಮೆ, ಇಳಿತದ ಹೊತ್ತಿಗೊಮ್ಮೆ ಬಕೆಟ್‌ನಲ್ಲಿ ನೀರು ತುಂಬಿ, ಹೈಡ್ರೋಮೀಟರ್ ತೇಲಿಸಿ ಸಾಂದ್ರತೆಯನ್ನೂ ಜೊತೆಗೆ ಉಷ್ಣತೆಯನ್ನೂ ಬರೆದುಕೊಂಡರೆ ಉಪ್ಪಿನಂಶ ಲೆಕ್ಕಕ್ಕೆ ಸಿಗುತ್ತದೆ. ತೆರೆದ ಕಡಲಲ್ಲಿ ಅದು ಕಿಲೋಗೆ ಸುಮಾರು 35 ಗ್ರಾಂ. ಮಳೆ ಜೋರಾದಾಗ ಅಳಿವೆಯ ಮೇಲ್ನೀರು ಬಹುಪಾಲು ಸಿಹಿಯಾಗುತ್ತದೆ. ಬಳಚು ಎಂಬ ಚಿಪ್ಪುಜೀವಿ ಯಾವ ಮರಳುದಿಬ್ಬದಲ್ಲಿ ಉಳಿಯುತ್ತದೆ, ಎಲ್ಲಿ ಇಲ್ಲವಾಗುತ್ತದೆ ಎಂಬ ಪ್ರಶ್ನೆಯನ್ನು ಈ ಅಂಕಿಗಳ ಪಕ್ಕಕ್ಕಿಟ್ಟಾಗ ಕೋಷ್ಟಕವೇ ಜೀವಶಾಸ್ತ್ರದ ಪಾಠವಾಗುತ್ತದೆ.

ಆಕ್ಷೇಪಗಳು ಹಗುರವಲ್ಲ. ಮೊದಲನೆಯದು, ರಾಯಚೂರಿನ ವಿದ್ಯಾರ್ಥಿಗೆ ಕಡಲು ಏಕೆ ಎಂಬುದು. ಆ ಬಯಲಿನ ಮುಂಗಾರು ಮಳೆಯ ತೇವಾಂಶದ ಮೂಲವೇ ಕಡಲು. ಅಲ್ಲದೆ ಲವಣತೆ, ಕರಗಿದ ಆಮ್ಲಜನಕ, ಆಹಾರ ಸರಪಳಿಯ ಅಳತೆಗಳನ್ನು ಊರ ಕೆರೆಯಲ್ಲೂ ಮಾಡಬಹುದು. ವಿಧಾನ ಒಂದೇ, ನೀರು ಮಾತ್ರ ಬೇರೆ. ಎರಡನೆಯದು, ಮೀನುಗಾರರ ಮಕ್ಕಳಿಗೆ ಇದೆಲ್ಲ ಗೊತ್ತೇ ಇದೆ ಎಂಬ ಮಾತು. ಗೊತ್ತಿರುವುದು ನಿಜ, ಆದರೆ ಶಾಲೆ ಆ ತಿಳಿವಳಿಕೆಯನ್ನು ಸಾಕ್ಷ್ಯವೆಂದು ಎಣಿಸುವುದಿಲ್ಲ. ಅಳೆದು ಪರಿಶೀಲಿಸಬಹುದಾದ ಊಹೆಯಾಗಿ ಅದು ತರಗತಿಗೆ ಬಂದರೆ ಶಾಲೆಗೂ ಆ ತಿಳಿವಳಿಕೆಗೂ ಲಾಭ. ಮೂರನೆಯದು ಸುರಕ್ಷತೆ. ಇದು ಅತ್ಯಂತ ಗಟ್ಟಿಯಾದ ಆಕ್ಷೇಪ: ಜೂನ್, ಜುಲೈಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುವಾಗ ಮಕ್ಕಳನ್ನು ದಡಕ್ಕೆ ಕರೆದೊಯ್ಯುವುದು ತಪ್ಪು. ಆ ತಿಂಗಳುಗಳ ನೀರನ್ನು ಹಿರಿಯರು ತಂದುಕೊಡಲಿ. ಮಕ್ಕಳ ಕ್ಷೇತ್ರಕಾರ್ಯ ನವೆಂಬರ್‌ನಿಂದ ಫೆಬ್ರವರಿಯವರೆಗಿರಲಿ.

ಶಿಕ್ಷಕರ ತರಬೇತಿಯೇ ನಿಜವಾದ ತೊಡಕು. ಆದರೆ ಅದಕ್ಕೆ ಬೇಕಾದ ನೆಲೆ ನಾಡಿನಲ್ಲೇ ಇದೆ: ಮಂಗಳೂರಿನ ಮೀನುಗಾರಿಕಾ ಕಾಲೇಜು, ಕಾರವಾರದ ಕಡಲ ಜೀವಶಾಸ್ತ್ರ ಅಧ್ಯಯನ ಕೇಂದ್ರ. ಪ್ರೌಢಶಾಲಾ ವಯಸ್ಸಿನವರಿಗಾಗಿ ಜಲಗೋಳವನ್ನೂ ಒಳಗೊಂಡ ಮೊದಲ ಅಂತಾರಾಷ್ಟ್ರೀಯ ಭೂವಿಜ್ಞಾನ ಒಲಿಂಪಿಯಾಡ್ 2007ರಲ್ಲಿ ನಡೆದದ್ದೂ ಮೈಸೂರಿನಲ್ಲೇ. ಆದ್ದರಿಂದ ಸುಧಾರಣೆಯ ಮೊದಲ ಹೆಜ್ಜೆ ಹೊಸ ಪಠ್ಯಪುಸ್ತಕವಲ್ಲ. ಸಮಾಜ ವಿಜ್ಞಾನ ಮತ್ತು ವಿಜ್ಞಾನ ಶಿಕ್ಷಕರಿಬ್ಬರೂ ಸೇರಿ ನಡೆಸುವ, ಎರಡೂ ವಿಷಯಗಳಲ್ಲಿ ಅಂಕ ಸಿಗುವ ಒಂದೇ ಕ್ಷೇತ್ರಕಾರ್ಯ. ಅಂಕವಿಲ್ಲದ ಕೆಲಸ ನಮ್ಮ ಶಾಲೆಗಳಲ್ಲಿ ಉಳಿಯುವುದಿಲ್ಲ.