ಆಫೀಸು ಪುಕ್ಕಟೆ, ಕನ್ನಡಕ್ಕೆ ಬೀಗ

1990ರ ದಶಕದ ಕೊನೆಯ ವರ್ಷಗಳಲ್ಲಿ ಮಲಾಡ್‌ನ ಕನ್ನಡ ಮನೆಯೊಂದಕ್ಕೆ ಕಂಪ್ಯೂಟರ್ ಬಂದರೆ ಅದಕ್ಕೆ ಸಿಗುತ್ತಿದ್ದ ಜಾಗ ಹಾಲಿನ ಮೂಲೆ. ಮೇಲೊಂದು ಪ್ಲಾಸ್ಟಿಕ್ ಹೊದಿಕೆ, ಕೆಳಗೆ ಗಾಲಿಯಿರುವ ಮೇಜು. ಕೊಂಡದ್ದು ಮಕ್ಕಳ ಓದಿಗೆ ಎಂಬ ಹೆಸರಿನಲ್ಲಿ. ಆದರೆ ಕೆಲವೇ ತಿಂಗಳಲ್ಲಿ ಅದರ ಮೇಲೆ ದೊಡ್ಡವರ ಕೆಲಸ ಬಂದು ಬೀಳುತ್ತಿತ್ತು: ಬಯೋಡಾಟಾ, ಹೌಸಿಂಗ್ ಸೊಸೈಟಿಯ ಮೇಂಟೆನೆನ್ಸ್ ಬಿಲ್ಲು, ಹೋಟೆಲಿನ ಲೆಕ್ಕ, ಊರಿನ ದೇವಸ್ಥಾನದ ಮುಂಬಯಿ ಸಮಿತಿಯ ದೇಣಿಗೆ ಪಟ್ಟಿ, ಸಂಘದ ವಾರ್ಷಿಕೋತ್ಸವದ ಆಮಂತ್ರಣ.

ಈ ಐದರಲ್ಲಿ ಮೊದಲ ಮೂರು ಇಂಗ್ಲಿಷಿನವು, ಕೊನೆಯ ಎರಡು ಕನ್ನಡದವು. ಹಾಗಾಗಿ ಆ ಮನೆಗೆ ಒಂದಲ್ಲ, ಎರಡು ಆಫೀಸು ತಂತ್ರಾಂಶಗಳು ಬೇಕಿದ್ದವು. ಒಂದು ಜಗತ್ತಿನ ಅತಿ ದೊಡ್ಡ ಕಂಪನಿಗಳಲ್ಲಿ ಒಂದರದು; ಅದು ಹೆಚ್ಚು ಮನೆಗಳಿಗೆ ದುಡ್ಡಿಲ್ಲದೆ ಬಂತು. ಇನ್ನೊಂದು ಪುಣೆ, ಬೆಂಗಳೂರಿನ ಚಿಕ್ಕ ಕಂಪನಿಗಳದು; ಅದಕ್ಕೆ ದುಡ್ಡು ಕೊಡಬೇಕಿತ್ತು, ಮೇಲೆ ಬೀಗವೂ ಇತ್ತು. ಮನೆ ಕಂಪ್ಯೂಟರಿನಲ್ಲಿ ಬರೆದ ಕನ್ನಡದಲ್ಲಿ ಏನು ಉಳಿಯಿತು, ಏನು ಅಳಿಯಿತು ಎಂಬುದು ಬಹುಮಟ್ಟಿಗೆ ಈ ವ್ಯತ್ಯಾಸದಿಂದಲೇ ತೀರ್ಮಾನವಾಯಿತು.

ಫ್ಲಾಪಿಯ ಕಾಲ

ಮನೆಗೆ ಬರುವ ಮೊದಲು ಕಂಪ್ಯೂಟರ್ ಇದ್ದದ್ದು ಬ್ಯಾಂಕಿನಲ್ಲಿ, ಕಚೇರಿಯಲ್ಲಿ, ಕೋಚಿಂಗ್ ಕ್ಲಾಸಿನಲ್ಲಿ. ಅಲ್ಲಿ ಕಲಿಸುತ್ತಿದ್ದುದು ಮೂರು ಹೆಸರು: ವರ್ಡ್‌ಸ್ಟಾರ್, ಲೋಟಸ್, ಡಿಬೇಸ್. ವರ್ಡ್‌ಸ್ಟಾರ್ 1978ರದು, ಲೋಟಸ್ 1-2-3 ಬಂದದ್ದು 1983ರ ಜನವರಿಯಲ್ಲಿ. ‘ಇನ್‌ಸ್ಟಾಲ್’ ಎಂಬ ಮಾತಿಗೆ ಆಗ ದೊಡ್ಡ ಅರ್ಥವೇನೂ ಇರಲಿಲ್ಲ. ಫ್ಲಾಪಿ ತುರುಕುವುದು, ಹೆಸರು ಟೈಪಿಸುವುದು, ಅಷ್ಟೆ. ಕಚೇರಿಯ ಫ್ಲಾಪಿಯನ್ನು ಇನ್ನೊಂದಕ್ಕೆ ನಕಲು ಮಾಡಿಕೊಂಡು ಮನೆಗೆ ತಂದರೆ ಅದೇ ಖರೀದಿ.

ಅದೇ ಕಾಲದಲ್ಲಿ ಭಾರತೀಯ ಲಿಪಿಗಳ ಕೆಲಸ ನಡೆಯುತ್ತಿದ್ದ ದೊಡ್ಡ ಜಾಗಗಳಲ್ಲಿ ಮುಂಬಯಿಯೂ ಒಂದು. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದ, ಮುಂದೆ ಮುದ್ರಣ ಕ್ಷೇತ್ರಕ್ಕೆ ಬಂದ ಕಿನ್ನಿಕಂಬಳ ಪದ್ಮನಾಭ ರಾವ್ ಕನ್ನಡಕ್ಕೊಂದು ಕೀಲಿಮಣೆ ವಿನ್ಯಾಸ ರೂಪಿಸಿದರು. ಇಂಗ್ಲಿಷ್ ಕೀಲಿಗಳಲ್ಲೇ ಕನ್ನಡ ವರ್ಣಮಾಲೆ ಮುಗಿಯಬೇಕು ಎಂಬುದು ಅದರ ಲೆಕ್ಕ. ‘ಕ’ ಇರುವ ಕೀಲಿಗೇ ಶಿಫ್ಟ್ ಒತ್ತಿದರೆ ‘ಖ’. ಒತ್ತಕ್ಷರ ಬೇಕಾದರೆ ನಡುವೆ ಎಫ್. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ಎಂಬ ತಂತ್ರಾಂಶವನ್ನೂ ಅವರು ಮಾಡಿದರು. ಅದನ್ನು ಯಾರು ಬೇಕಾದರೂ ಉಚಿತವಾಗಿ ಬಳಸಲು ಬಿಟ್ಟರು.

ಸರ್ಕಾರದ ದಾರಿ ಬೇರೆಯಿತ್ತು. ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ‘ಜಿಸ್ಟ್’ ಕಾರ್ಡನ್ನು ಕಂಪ್ಯೂಟರಿನೊಳಗೆ ಕೂರಿಸಿದರೆ ವರ್ಡ್‌ಸ್ಟಾರ್, ಡಿಬೇಸ್‌ಗಳಲ್ಲೇ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಒಳ್ಳೆಯ ಉಪಾಯವೇ. ಆದರೆ ಅದು ಯಂತ್ರದ ಭಾಗ. ಅದನ್ನು ಫ್ಲಾಪಿಯಲ್ಲಿ ನಕಲು ಮಾಡಿಕೊಂಡು ಹೋಗಲು ಬರುತ್ತಿರಲಿಲ್ಲ. ಕಚೇರಿಗಳು ಕೊಂಡವು, ಮನೆಗಳು ಕೊಳ್ಳಲಿಲ್ಲ.

ಲ್ಯಾಮಿಂಗ್ಟನ್ ರೋಡಿನ ಸಿಡಿ

ಮಲಾಡ್‌ನವರು ಕಂಪ್ಯೂಟರ್ ಕೊಳ್ಳಲು ಸ್ಲೋ ಟ್ರೈನ್ ಹಿಡಿದು ಗ್ರಾಂಟ್ ರೋಡಿನಲ್ಲಿ ಇಳಿಯುತ್ತಿದ್ದರು. ಅಲ್ಲಿಂದ ನಡೆದು ಹೋದರೆ ಲ್ಯಾಮಿಂಗ್ಟನ್ ರೋಡ್. ಕಾಗದದಲ್ಲಿ ಅದರ ಹೆಸರು ಡಾ. ಭಡಕಮ್ಕರ್ ಮಾರ್ಗ. ಬ್ರ್ಯಾಂಡಿನ ಯಂತ್ರಕ್ಕಿಂತ ‘ಅಸೆಂಬಲ್ಡ್’ ಅಗ್ಗ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಹಾರ್ಡ್‌ಡಿಸ್ಕ್ ಎಂದು ಚೀಟಿಯಲ್ಲಿ ಸಾಲುಸಾಲಾಗಿ ಬೆಲೆ ಬೀಳುತ್ತಿತ್ತು. ವಿಂಡೋಸ್, ಆಫೀಸ್ ಎಂಬ ಸಾಲು ಮಾತ್ರ ಚೀಟಿಯಲ್ಲಿ ಇರುತ್ತಿರಲಿಲ್ಲ. ಜೋಡಿಸುವ ಹುಡುಗನೇ ‘ಲೋಡ್’ ಮಾಡಿ ಕೊಡುತ್ತಿದ್ದ. ಮೌಸ್‌ಪ್ಯಾಡ್ ಕೊಟ್ಟ ಹಾಗೆ.

ಇದು ಸುಲಭವಾಗಲು ತಾಂತ್ರಿಕ ಕಾರಣವೂ ಇತ್ತು. ಆಫೀಸ್ 97 ಸಿಡಿಯಲ್ಲೂ ಬಂತು, 45 ಫ್ಲಾಪಿಗಳ ಕಟ್ಟಾಗಿಯೂ ಬಂತು. ನಲವತ್ತೈದರಲ್ಲಿ ಒಂದು ಕೆಟ್ಟರೆ ಇಡೀ ಕೆಲಸ ನಿಲ್ಲುತ್ತಿತ್ತು. ಮುಂಬಯಿಯ ಮಳೆಗಾಲದಲ್ಲಿ ಫ್ಲಾಪಿಗೆ ಬೂಷ್ಟು ಹಿಡಿಯುವುದು ಹೊಸ ಸಂಗತಿಯಲ್ಲ. ಸಿಡಿ ಬಂದ ಮೇಲೆ ಆ ಕಷ್ಟ ಹೋಯಿತು. ಇನ್ನು ಕೇಳುವ ಕೀ. ಅದರ ಪರೀಕ್ಷೆ ಎಷ್ಟು ಸಡಿಲವಾಗಿತ್ತೆಂದರೆ, ಕೊನೆಯ ಏಳು ಅಂಕಿಗಳ ಮೊತ್ತ 7ರಿಂದ ಭಾಗವಾದರೆ ಸಾಕಿತ್ತು. ಮನೆಯ ಕಂಪ್ಯೂಟರ್ ಯಾರನ್ನೂ ಕೇಳಿ ನೋಡುತ್ತಿರಲಿಲ್ಲ. ಒಂದೇ ಸಿಡಿ, ಒಂದೇ ಕೀ, ಬೀದಿಗೆಲ್ಲ ಸಾಕಾಗುತ್ತಿತ್ತು.

ಕಾನೂನು ಇರಲಿಲ್ಲವೆಂದಲ್ಲ. 1994ರಲ್ಲಿ ತಿದ್ದುಪಡಿಯಾಗಿ 1995ರ ಮೇ 10ರಿಂದ ಜಾರಿಗೆ ಬಂದ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮು, ನಕಲಿ ಎಂದು ತಿಳಿದೂ ತಂತ್ರಾಂಶ ಬಳಸಿದವರಿಗೆ ಕನಿಷ್ಠ 7 ದಿನ, ಗರಿಷ್ಠ 3 ವರ್ಷ ಸೆರೆವಾಸ ಹೇಳಿತು; ದಂಡ 50,000ದಿಂದ 2 ಲಕ್ಷ ರೂಪಾಯಿ. ಆದರೆ ಅದೇ ಕಲಮಿನ ಬಾಲದಲ್ಲಿ ಒಂದು ವಿನಾಯಿತಿ ಇದೆ. ವ್ಯಾಪಾರದ ಲಾಭಕ್ಕಾಗಿ ಬಳಸಿಲ್ಲವಾದರೆ ನ್ಯಾಯಾಲಯ ಸೆರೆವಾಸ ವಿಧಿಸದೆ, 50,000 ರೂಪಾಯಿವರೆಗಿನ ದಂಡವನ್ನಷ್ಟೇ ಹಾಕಬಹುದು. ಕಾನೂನು ಬರೆದವರ ಕಣ್ಣಿಗೂ ಮನೆಯ ಕಂಪ್ಯೂಟರ್ ಬೇರೆ, ಕಚೇರಿಯ ಕಂಪ್ಯೂಟರ್ ಬೇರೆ ಎಂದು ಕಂಡಿತ್ತು.

ಕನ್ನಡದ ಬೀಗ

ಕನ್ನಡದ ಕಡೆ ಚಿತ್ರ ತಲೆಕೆಳಗು. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ‘ಶ್ರೀಲಿಪಿ’, ಬೆಂಗಳೂರಿನ ಸೈಬರ್‌ಸ್ಕೇಪ್‌ನ ‘ಆಕೃತಿ’ ಮುಖ್ಯವಾಗಿ ಮುದ್ರಣಾಲಯಕ್ಕೆ, ಡಿಟಿಪಿ ಅಂಗಡಿಗೆ ಮಾಡಿದ ಸರಕು. ಕೊಳ್ಳುವವರು ಕಡಿಮೆ, ನಕಲು ಮಾಡಿದರೆ ಕಂಪನಿಯೇ ಮುಳುಗುತ್ತದೆ. ಹಾಗಾಗಿ ಇಂಥ ತಂತ್ರಾಂಶಗಳ ಜತೆ ಹಾರ್ಡ್‌ವೇರ್ ಲಾಕ್ ಬರುತ್ತಿತ್ತು. ಪ್ರಿಂಟರ್ ಸಿಕ್ಕಿಸುವ ಕಿಂಡಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ತುಂಡು ಹಾಕಬೇಕು. ಅದಿಲ್ಲದಿದ್ದರೆ ತಂತ್ರಾಂಶ ತೆರೆಯುವುದಿಲ್ಲ.

ಈ ಬೀಗದ ಪರಿಣಾಮ ಮಲಾಡ್‌ನಂಥ ಉಪನಗರದಲ್ಲಿ ನೇರವಾಗಿತ್ತು. ಮುಂಬಯಿ ಕನ್ನಡಿಗರು ಬರೆಯುವ ಜನ. ಮೊಗವೀರ, ಬಂಟರವಾಣಿ, ಅಕ್ಷಯದಂಥ ಸಂಘಗಳ ಪತ್ರಿಕೆಗಳು ಇಲ್ಲಿಂದ ಹೊರಟಿವೆ. ಕರ್ನಾಟಕ ಮಲ್ಲ ಇಲ್ಲಿಯ ದಿನಪತ್ರಿಕೆ, ಉದಯವಾಣಿಗೆ ಇಲ್ಲಿ ಆವೃತ್ತಿ. ಮನೆಯಲ್ಲಿ ಕಂಪ್ಯೂಟರ್ ಇದ್ದರೂ ಸಂಘದ ಕಾರ್ಯದರ್ಶಿ ವರದಿಯನ್ನು ಕೈಯಲ್ಲಿ ಬರೆದು ಡಿಟಿಪಿ ಅಂಗಡಿಗೆ ಒಯ್ಯುತ್ತಿದ್ದರು. ಕನ್ನಡ ಬಲ್ಲ ಆಪರೇಟರ್ ಇರುವ ಅಂಗಡಿ ಹುಡುಕುವುದು ಒಂದು ಕೆಲಸ, ಪ್ರೂಫ್ ತಿದ್ದಲು ಮತ್ತೆ ಹೋಗುವುದು ಇನ್ನೊಂದು ಕೆಲಸ.

ಬೀಗ ಮುರಿದದ್ದು 1998ರಲ್ಲಿ. ಶೇಷಾದ್ರಿವಾಸು ಚಂದ್ರಶೇಖರನ್ ‘ಬರಹ’ವನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟರು. ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರಣೆ ಬರೆದರೆ ಕನ್ನಡ ಮೂಡುತ್ತಿತ್ತು. ಟೈಪಿಂಗ್ ಕಲಿಯದವರೂ ಒಂದು ಸಂಜೆಯಲ್ಲಿ ಕಲಿತರು. ಕೆಲವು ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯನ್ನು ಕರ್ನಾಟಕ ಸರ್ಕಾರವೂ ಉಚಿತವಾಗಿ ಹಂಚಿತು. ಅದರ ಕೀಲಿಮಣೆ ಕೆ.ಪಿ. ರಾಯರದೇ ವಿನ್ಯಾಸ. ಮುಂಬಯಿಯ ಸಂಶೋಧನಾಲಯದಲ್ಲಿ ದುಡಿದವರ ಕೆಲಸ ಬೆಂಗಳೂರು ಸುತ್ತಿ ಮಲಾಡ್‌ನ ಹಾಲಿಗೆ ಹೀಗೆ ಬಂದು ಸೇರಿತು.

ಕನ್ನಡದ ವೇಷ ಹಾಕಿದ ಇಂಗ್ಲಿಷ್

ಉಚಿತವಾದರೂ ಈ ತಂತ್ರಾಂಶಗಳೊಳಗೆ ಒಂದು ಮೂಲ ತೊಡಕು ಇತ್ತು. ಆಗಿನ ವಿಂಡೋಸ್‌ಗೆ ಕನ್ನಡ ಎಂಬ ಲಿಪಿಯಿದೆ ಎಂದೇ ಗೊತ್ತಿರಲಿಲ್ಲ. ಫಾಂಟೊಂದರಲ್ಲಿ ಬಳಸಲು ಸಿಗುತ್ತಿದ್ದುದು ಸುಮಾರು ಇನ್ನೂರು ಜಾಗ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು ಕೂರುವ ಆ ಜಾಗಗಳಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸುವುದೇ ಉಪಾಯ: ತಲೆಕಟ್ಟು, ಗುಡಿಸು, ಕೊಂಬು, ಒತ್ತು. ಪರದೆಯಲ್ಲಿ ಕಂಡದ್ದು ಕನ್ನಡ. ಕಡತದಲ್ಲಿ ಉಳಿದದ್ದು ಲ್ಯಾಟಿನ್. ನುಡಿ ಫಾಂಟ್ ತೆಗೆದು ನೋಡಿದರೆ ‘ಕನ್ನಡ’ ಎಂಬ ಪದದ ಜಾಗದಲ್ಲಿ ಇರುವುದು ಒಂದು ಪಿ, ತಲೆಯ ಮೇಲೆ ಓರೆಗೆರೆಯಿರುವ ಎ, ಬ್ರಿಟಿಷ್ ಪೌಂಡ್ ಗುರುತು, ಜರ್ಮನ್ನರ ಎಸ್, ಒಂದು ಕ್ಯೂ.

ಹಾಗಾಗಿ ಆಫೀಸ್ ಎಂಬ ಇಂಗ್ಲಿಷ್ ತಂತ್ರಾಂಶ ಕನ್ನಡ ಕಡತವನ್ನು ಇಂಗ್ಲಿಷ್ ಎಂದೇ ನಂಬುತ್ತಿತ್ತು. ವರ್ಡ್ ಪುಟದ ತುಂಬ ಕೆಂಪು ಗೆರೆ ಎಳೆಯುತ್ತಿತ್ತು. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಅದರ ಅಭ್ಯಾಸ ಇನ್ನೂ ಅಪಾಯಕರ. ನುಡಿಯಲ್ಲಿ ‘ಡ’ದ ಸಂಕೇತ ಚಿಕ್ಕ ಕ್ಯೂ, ಅದು ದೊಡ್ಡ ಕ್ಯೂ ಆದರೆ ಓದಿಗೆ ಸಿಗುವುದು ‘ಕಿ’. ‘ಆಟೋಕರೆಕ್ಟ್ ಆಫ್ ಮಾಡಿ’ ಎಂಬುದು ಕನ್ನಡ ಬೆರಳಚ್ಚಿನ ಮೊದಲ ಪಾಠವಾದದ್ದು ಇದರಿಂದ. ಎಕ್ಸೆಲ್‌ನಲ್ಲಿ ಸದಸ್ಯರ ಪಟ್ಟಿಯನ್ನು ಅಕಾರಾದಿ ಮಾಡಲು ಹೇಳಿದರೆ ರಮೇಶ ಕಮಲಾಕ್ಷನಿಗಿಂತ ಮೇಲೆ ಬಂದು ಕೂರುತ್ತಿದ್ದ. ‘ರ’ದ ಸಂಕೇತ ಜಿ, ‘ಕ’ದ ಸಂಕೇತ ಪಿ. ಎಕ್ಸೆಲ್ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ.

ಎಕ್ಸ್‌ಪಿ ಕೇಳಿದ ಸಿಡಿ

ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ. ಅದು ಮನೆ ಕಂಪ್ಯೂಟರಿನ ಬಾಗಿಲಿಗೆ ಬಂದದ್ದು ಹತ್ತು ವರ್ಷದ ಮೇಲೆ, 2001ರ ಅಕ್ಟೋಬರಿನ ವಿಂಡೋಸ್ ಎಕ್ಸ್‌ಪಿಯಲ್ಲಿ, ‘ತುಂಗಾ’ ಎಂಬ ಫಾಂಟಿನ ಜತೆ. ಆದರೆ ಇನ್‌ಸ್ಟಾಲ್ ಮಾಡಿದ ಕೂಡಲೇ ಕನ್ನಡ ಕಾಣುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಭಾಷಾ ಆಯ್ಕೆಯಲ್ಲಿ ‘ಸಂಕೀರ್ಣ ಲಿಪಿ’ಗಳ ಬೆಂಬಲಕ್ಕೆ ಟಿಕ್ ಹಾಕಬೇಕು. ಆಗ ಯಂತ್ರ ಮೂಲ ಸಿಡಿ ಕೇಳುತ್ತಿತ್ತು. ಲೋಡ್ ಮಾಡಿಕೊಟ್ಟ ಹುಡುಗನ ಬಳಿಯೇ ಸಿಡಿ ಉಳಿದಿದ್ದ ಮನೆಯಲ್ಲಿ ಕೊಡಲು ಏನೂ ಇರಲಿಲ್ಲ. ಕೊಳ್ಳದ ಇಂಗ್ಲಿಷ್ ಆಫೀಸಿಗೆ ತೊಂದರೆಯಾಗಲಿಲ್ಲ, ನಿಂತದ್ದು ಕನ್ನಡ.

ಅದೇ ವರ್ಷದಿಂದ ವಿಂಡೋಸ್, ಆಫೀಸ್ ಎರಡೂ ‘ಆಕ್ಟಿವೇಶನ್’ ಕೇಳತೊಡಗಿದವು. ನಕಲಿನ ಮಾರುಕಟ್ಟೆ ಅದಕ್ಕೂ ದಾರಿ ಹುಡುಕಿತು: ದೊಡ್ಡ ಕಂಪನಿಗಳಿಗೆ ಕೊಡುತ್ತಿದ್ದ, ಆಕ್ಟಿವೇಶನ್ ಬೇಡದ ಆವೃತ್ತಿಯ ಸಿಡಿಗಳು ಬೀದಿಗೆ ಬಂದವು.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಪಶ್ಚಿಮ ಉಪನಗರಗಳ ನೆಲಮಹಡಿಗಳಿಗೆ ನೀರು ನುಗ್ಗಿತು. ಮೇಜಿನ ಕೆಳಗಿನ ಸಿಪಿಯು ಮುಳುಗಿದರೆ ಹೊಸ ಯಂತ್ರ ತಂದು ಆಫೀಸನ್ನು ಮತ್ತೆ ಲೋಡ್ ಮಾಡಿಸಬಹುದು. ಒಳಗಿದ್ದ ಕಡತಗಳಿಗೆ ಅಂಥ ಸಿಡಿ ಯಾವ ಅಂಗಡಿಯಲ್ಲೂ ಇರಲಿಲ್ಲ.

ಎದುರಿನವರ ಆವೃತ್ತಿ

ಮನೆಯಲ್ಲಿ ಅಪ್‌ಗ್ರೇಡ್ ಮಾಡಿಸಿದ್ದು ಹೊಸ ಸೌಲಭ್ಯದ ಆಸೆಯಿಂದ ಅನ್ನುವುದಕ್ಕಿಂತ ಬೇರೆಯವರ ಕಡತ ತೆರೆಯದೆ ಹೋದದ್ದರಿಂದ. 2000ರ ದಶಕದಲ್ಲಿ ಮಲಾಡ್ ಪಶ್ಚಿಮದಲ್ಲಿ ಮೈಂಡ್‌ಸ್ಪೇಸ್ ಎದ್ದು, ಕಾಲ್‌ಸೆಂಟರ್‌ಗಳು ಬಂದು, ಮನೆಯ ಮಕ್ಕಳು ಅಲ್ಲಿ ಹೊಸ ಆವೃತ್ತಿಯಲ್ಲಿ ಕೆಲಸ ಮಾಡಿದರು. 2007ರ ಜನವರಿಯಲ್ಲಿ ಬಂದ ಆಫೀಸ್ ಕಡತದ ಬಾಲಕ್ಕೆ ಒಂದು ಎಕ್ಸ್ ಹಚ್ಚಿತು. ‘ಡಾಕ್’ ಹೋಗಿ ‘ಡಾಕ್ಸ್’ ಆಯಿತು. ಹಳೆಯ ಆಫೀಸಿನಲ್ಲಿ ಅದು ತೆರೆಯಲಿಲ್ಲ. ಕಂಪನಿ ಉಚಿತ ಹೊಂದಾಣಿಕೆಯ ಪ್ಯಾಕ್ ಕೊಟ್ಟಿತ್ತು. ಹೆಚ್ಚು ಜನಕ್ಕೆ ಅದು ತಿಳಿಯಲಿಲ್ಲ, ಹೊಸ ಆಫೀಸನ್ನೇ ಲೋಡ್ ಮಾಡಿಸಿದರು.

ದುಡ್ಡಿಲ್ಲದೆ, ಕಳ್ಳತನವೂ ಇಲ್ಲದೆ ಬದುಕುವ ದಾರಿಯೂ ಆಗಲೇ ಇತ್ತು. ಓಪನ್‌ಆಫೀಸ್ 1.0 ಬಂದದ್ದು 2002ರಲ್ಲಿ. ಅದರಿಂದ 2010ರಲ್ಲಿ ಲಿಬ್ರೆಆಫೀಸ್ ಕವಲೊಡೆಯಿತು. ಅದರ ಮೆನು ಕನ್ನಡದಲ್ಲೂ ಸಿಗುತ್ತದೆ, ‘ಕಡತ’, ‘ನೋಟ’, ‘ಸೇರಿಸು’ ಎಂದು. ಇಂಗ್ಲಿಷ್ ಆಫೀಸೇ ಪುಕ್ಕಟೆ ಸಿಗುವ ಬೀದಿಯಲ್ಲಿ ಉಚಿತ ತಂತ್ರಾಂಶಕ್ಕೆ ಗಿರಾಕಿ ಕಡಿಮೆ. ನಕಲಿ ಸಿಡಿ ದೊಡ್ಡ ಕಂಪನಿಗೆ ನಷ್ಟ ಮಾಡಿತೋ ಇಲ್ಲವೋ, ಅದರ ಪ್ರತಿಸ್ಪರ್ಧಿಗಳನ್ನು ಮನೆಯೊಳಗೆ ಬಿಡಲಿಲ್ಲ.

ಕನ್ನಡದ ಅಪ್‌ಗ್ರೇಡ್ ಇನ್ನೂ ಕಷ್ಟದ್ದು. ಯೂನಿಕೋಡ್‌ಗೆ ಬಂದವರು ಹಳೆಯ ಬರಹ, ನುಡಿ ಕಡತಗಳನ್ನು ಪರಿವರ್ತಿಸಬೇಕಾಯಿತು. ಬರಹದಲ್ಲೇ ಅದಕ್ಕೆ ಸೌಲಭ್ಯವಿತ್ತು; ಅರವಿಂದ ವಿ.ಕೆ. ಬರೆದ ಪರಿವರ್ತಕವೂ ಮುಕ್ತವಾಗಿ ಸಿಕ್ಕಿತು. ಪರಿವರ್ತಕದ ಕೆಲಸ ಅಕ್ಷರಕ್ಕೆ ಅಕ್ಷರ ಬದಲಿಸುವಷ್ಟು ಸರಳವಲ್ಲ. ‘ಸೂರ್ಯ’ದಲ್ಲಿ ಅರ್ಕಾವತ್ತು ಕಣ್ಣಿಗೆ ಕೊನೆಯಲ್ಲಿ ಕಾಣುತ್ತದೆ, ಹಳೆಯ ಫಾಂಟಿನಲ್ಲೂ ಕೊನೆಯಲ್ಲೇ ಕೂತಿತ್ತು. ಯೂನಿಕೋಡ್‌ನಲ್ಲಿ ಅದು ಉಚ್ಚಾರಣೆಯ ಕ್ರಮದಂತೆ ‘ಯ’ದ ಮೊದಲು ಬರಬೇಕು. ಒಂದೊಂದನ್ನೂ ಎತ್ತಿ ಹಿಂದಕ್ಕೆ ಕೂರಿಸಬೇಕು.

ಮುಂಬಯಿ ಕನ್ನಡಿಗರ ಕಡತಗಳಲ್ಲಿ ಇನ್ನೊಂದು ತೊಡಕು. ಹೆಸರು ಕನ್ನಡದಲ್ಲಿ, ವಿಳಾಸ ಇಂಗ್ಲಿಷಿನಲ್ಲಿ. ಎರಡೂ ಒಳಗೆ ಲ್ಯಾಟಿನ್ ಅಕ್ಷರಗಳೇ. ಯಾವುದು ನಿಜವಾದ ಇಂಗ್ಲಿಷ್, ಯಾವುದು ವೇಷ ಹಾಕಿದ ಕನ್ನಡ ಎಂದು ಹೇಳುವ ಒಂದೇ ಗುರುತು ಫಾಂಟಿನ ಹೆಸರು. ಇಮೇಲಿನಲ್ಲಿ ಅಂಟಿಸಿದಾಗ ಅದು ಕಳಚಿ ಬೀಳುತ್ತದೆ. ಆಗ ಪರಿವರ್ತಕ ಹೆಸರನ್ನು ಉಳಿಸುತ್ತದೆ, ‘ಮಲಾಡ್ ವೆಸ್ಟ್’ ಅನ್ನು ಅರ್ಥವಿಲ್ಲದ ಕನ್ನಡ ಅಕ್ಷರಗಳ ಗುಂಪು ಮಾಡುತ್ತದೆ.

ಬಾಡಿಗೆಯ ಕಾಲ

2013ರಲ್ಲಿ ಮನೆಬಳಕೆಯ ಆಫೀಸ್ 365 ಬಂದ ಮೇಲೆ ಕೊಳ್ಳುವುದು ಎಂಬ ಮಾತೇ ಬದಲಾಯಿತು. ಈಗ ವರ್ಷದ ಬಾಡಿಗೆ, ತಾನಾಗಿ ಆಗುವ ಅಪ್‌ಗ್ರೇಡ್. 2025ರ ಅಕ್ಟೋಬರ್ 14ರಂದು ವಿಂಡೋಸ್ 10, ಆಫೀಸ್ 2016, ಆಫೀಸ್ 2019 ಮೂರಕ್ಕೂ ಕಂಪನಿಯ ಬೆಂಬಲ ಒಟ್ಟಿಗೆ ಮುಗಿಯಿತು. ಹಳೆಯ ಯಂತ್ರಗಳು ಗುಜರಿಗೆ ಹೋಗುತ್ತಿವೆ. ಅವುಗಳ ಹಾರ್ಡ್‌ಡಿಸ್ಕಿನಲ್ಲಿರುವ ಇಂಗ್ಲಿಷ್ ಬಯೋಡಾಟಾ, ಸೊಸೈಟಿಯ ಬಿಲ್ಲು ಇಂದಿನ ಯಾವ ಆಫೀಸಿನಲ್ಲೂ ತೆರೆಯುತ್ತವೆ. ಯಾರಿಗೂ ಅವು ಬೇಕಿಲ್ಲ. ಸಂಘದ ಇಪ್ಪತ್ತೈದು ವರ್ಷದ ವರದಿ, ಈಗ ಇಲ್ಲದ ಹಿರಿಯರು ಬರೆದಿಟ್ಟ ಊರಿನ ನೆನಪು, ಯಾರು ಯಾವ ಊರಿನಿಂದ ಮಲಾಡ್‌ಗೆ ಬಂದರು ಎಂಬ ಸದಸ್ಯರ ಪಟ್ಟಿ, ಇವು ಮಾತ್ರ ಪೌಂಡ್ ಗುರುತುಗಳ ಕಾಡಾಗಿ ತೆರೆಯುತ್ತವೆ. ನೋಡಿದವರು ಕಡತ ಕೆಟ್ಟಿದೆ ಎಂದು ಅಳಿಸುತ್ತಾರೆ.

ಅದು ಕೆಟ್ಟಿಲ್ಲ. ಫಾಂಟ್ ಹಚ್ಚಿದರೆ ಓದಬಹುದು, ಪರಿವರ್ತಕಕ್ಕೆ ಕೊಟ್ಟರೆ ಉಳಿಸಬಹುದು. ಆ ಪುಟದ ಮೊದಲ ಸಾಲಿನಲ್ಲಿ ಪಿ, ಓರೆಗೆರೆಯ ಎ, ಪೌಂಡ್ ಗುರುತು ಸಾಲಾಗಿ ಕಂಡರೆ ಅಲ್ಲಿ ಬರೆದಿರುವುದು ‘ಕನ್ನಡ’ ಎಂದೇ ಇರಬೇಕು.